ಬಾವಿಯ ನೀರಿನ ವರದಿ

ಊರ ಬಾವಿಯನ್ನು ಶುದ್ಧಗೊಳಿಸುವ ಅನುದಾನದ ಕೆಲಸ ಮುಗಿದಿತ್ತು. ಕೊನೆಯ ವರದಿಗೆ ಮಹಿಳಾ ಸಂಘದ ಅಧ್ಯಕ್ಷೆ ನಿಂಗಾಜಮ್ಮ ಸಹಿ ಹಾಕಬೇಕಿತ್ತು. ಹಾಕಿದರೆ ನಾಳೆಯಿಂದ ಶಾಲೆಯ ಮಕ್ಕಳಿಗೂ ಅದೇ ನೀರು. ಅನುದಾನ ಕೊಟ್ಟ ಸಂಸ್ಥೆಯ ಅಧಿಕಾರಿ ಕಾಗದ ಹಿಡಿದು ಬಾವಿಯ ಹತ್ತಿರವೇ ಬಂದಿದ್ದರು.

"ಬಣ್ಣದ ಕಾರ್ಖಾನೆ ವಿಷ ಪೂರ್ತಿ ಹೋಗೈತಾ ಸಾರ್?"

"ಪರೀಕ್ಷೆ ಮಾಡಿಸಿದ್ದೀವಮ್ಮ. ಹಸುಗೂಸಿಗೂ ಕುಡಿಸಬಹುದು."

"ಮೊನ್ನೆ ಇದೇ ನೀರು ಕುಡಿದ ಎರಡು ಮೇಕೆ ಸತ್ತೋದವು."

"ಇನ್ನೇನೋ ಮೇಯ್ದಿರ್ತವೆ ಬಿಡಿ."

ಓದಿದವರು ಸುಳ್ಳು ಹೇಳಲಾರರು ಎಂದುಕೊಂಡು ನಿಂಗಾಜಮ್ಮ ಸಹಿ ಹಾಕಿದಳು. ಅಧಿಕಾರಿ ಕಾಗದ ಮಡಚಿ ಚೀಲಕ್ಕೆ ಸೇರಿಸಿದರು.

ಅಷ್ಟರಲ್ಲಿ, ಬಿಸಿಲಿಗೆ ಬಾಯಾರಿದ್ದ ಅವರ ಡ್ರೈವರ್ ಬಾವಿಯಿಂದ ಒಂದು ಕೊಡ ಸೇದಿ, ಬೊಗಸೆ ತುಂಬ ನೀರನ್ನು ಬಾಯಿಗೆ ತಂದ.

ಅಧಿಕಾರಿ ಓಡಿಹೋಗಿ ಅವನ ಕೈಗೆ ಹೊಡೆದು ನೀರು ಚೆಲ್ಲಿಸಿದರು.