ಕೊನೆಯ ಪಂಕ್ತಿ

ಮದುವೆಗೆ ಹೋಗಲು ಪುರುಸೊತ್ತೇ ಇಲ್ಲದ ಪ್ರೊಫೆಸರ್ ವಾರಿಜಾ ಅವರಿಗೆ ಹೆಸರು ತಂದದ್ದು ಮದುವೆಮನೆಯ ಊಟವೇ. ಮಂಟಪಗಳಲ್ಲಿ ಮಿಕ್ಕಿದ ಅನ್ನ, ಹುಳಿ, ಹೋಳಿಗೆ ಆರುವ ಮೊದಲೇ ಅನಾಥಾಶ್ರಮ ಮುಟ್ಟಲು ಯಾವ ವ್ಯಾನ್ ಎಲ್ಲಿಗೆ ಹೋಗಬೇಕೆಂದು ಅವರ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಹೇಳುತ್ತಿತ್ತು. ಆಶ್ರಮದ ಮಕ್ಕಳದೇ ಕೊನೆಯ ಪಂಕ್ತಿ ಎಂದು ಅಡುಗೆಯವರೂ ನಗುತ್ತಿದ್ದರು. ಆ ಸಂಶೋಧನೆ ಅವರಿಗೆ ಬಡ್ತಿ ತಂದಿತು.

ಎರಡನೆಯ ಪ್ರೋಗ್ರಾಂ ಇನ್ನೂ ಚುರುಕು. ಎಷ್ಟು ಜನ ಉಣ್ಣುತ್ತಾರೆಂದು ಮೊದಲೇ ಅಂದಾಜು ಮಾಡಿ, ಅಷ್ಟಕ್ಕೇ ಅಡುಗೆ ಮಾಡಿ ಎನ್ನುತ್ತಿತ್ತು. ಊರಿನ ಯಾವ ಮಂಟಪದಲ್ಲೂ ಒಂದಗುಳೂ ಮಿಗದಂತಾಯಿತು. ಈ ಸಲ ಪ್ರಶಸ್ತಿಯೇ ಬಂತು.

ಶಾಲು ಹೊದ್ದು ವೇದಿಕೆ ಇಳಿಯುತ್ತಿದ್ದಂತೆ ಆಶ್ರಮದ ವಾರ್ಡನ್ ಫೋನ್ ಮಾಡಿದರು.

"ಅಭಿನಂದನೆ ಹೇಳೋಕೆ ಮಾಡಿದ್ರಾ, ನಿಂಗಪ್ಪನವ್ರೇ?" ವಾರಿಜಾ ನಕ್ಕರು.

"ಅದಕ್ಕೂ ಹೌದು ಮೇಡಂ. ಮಕ್ಕಳು ಒಂದು ಮಾತು ಕೇಳ್ತಿದ್ದಾರೆ. ನಿಮಗಾದ್ರೆ ಗೊತ್ತಿರುತ್ತೆ ಅಂತ ಮಾಡಿದೆ."

"ಏನಂತೆ, ಹೇಳಿ."

"ವ್ಯಾನ್ ಬಂದು ತಿಂಗಳಾಯ್ತಲ್ಲ. ಊರಲ್ಲಿ ಈಗ ಯಾರೂ ಮದುವೇನೇ ಆಗ್ತಿಲ್ವಾ ಅಂತ."