ಗೊನೆಗೆ ಅಂಟಿ ಬಂದದ್ದು

ಒಲೆಯೊಳಗೆ ಏನೋ ಪಟ್ಟೆಂದು ಸಿಡಿಯಿತು. ಅರಳಗುಪ್ಪೆಯ ಪುಟ್ಟಗಂಗಮ್ಮ ಉರಿಯುತ್ತಿದ್ದ ತೆಂಗಿನ ಗೊನೆಯನ್ನು ಹೊರಗೆಳೆದಳು. ಕಾಯಿ ಬಿಡಿಸಿ ತಾನೇ ಲಾರಿಗೆ ತುಂಬಿಸಿದ್ದ ಖಾಲಿ ಗೊನೆ, ಕಡಲಿಗೆ ಹೋಗಿ ವಾಪಸ್ ಬಂದಿತ್ತು. ಅದರ ತುಂಬ ಕಪ್ಪು ದ್ರಾಕ್ಷಿಯಂಥವು ಅಂಟಿಕೊಂಡಿದ್ದವು.

“ಏನ್ಲಾ ಇವು?”

“ಬೊಂಡಾಸ್ ಮೀನಿನ ಮೊಟ್ಟೆ ಕಣಮ್ಮ,” ಎಂದ, ಕಾಫಿಗೆ ಕೂತಿದ್ದ ಲಾರಿ ಡ್ರೈವರ್ ಸೂರ್ಯಪ್ರಕಾಶ್. “ನೀರಲ್ಲಿ ಗೊನೆ ಮುಳುಗಿಸಿದ್ರೆ ಮೊಟ್ಟೆ ಇಡೋಕೆ ಬತ್ತಾವೆ. ಬಂದಿದ್ದನ್ನೆಲ್ಲ ಮೀನುಗಾರ್ರು ಬಾಚ್ಕೊಂಡು ಹಿಡೀತಾರೆ. ಸಂತಾನ ಉಳೀಲಿ ಅಂತ, ಗೊನೆ ಮುಳುಗಿಸಂಗಿಲ್ಲ ಅಂತ ಸರ್ಕಾರ ಕಾನೂನು ಮಾಡೈತೆ. ಅದಕ್ಕೇ ಆಫೀಸರ್‌ಗಳು ಗೊನೆನೆಲ್ಲ ಎಳೆದು ದಡಕ್ಕೆ ಹಾಕ್ಸಿದ್ರು. ಸೌದೆಗಾಯ್ತದೆ ಅಂತ ತುಂಬ್ಕೊಂಡ್ ಬಂದೆ.”

“ಮೊಟ್ಟೆ ಸಮೇತ ಎಳೆದ್ರಾ?”

ಅವನು ಲೋಟ ಕೆಳಗಿಟ್ಟ.

ಬೇಯದೆ ಉಳಿದಿದ್ದ ಒಂದನ್ನು ಆಕೆ ಬೆರಳಲ್ಲಿ ಹಿಸುಕಿದಳು. ಒಳಗೆ ಸಾಸಿವೆಯಷ್ಟು ಎರಡು ಕಣ್ಣುಗಳಿದ್ದವು.

ಹಿತ್ತಲಿನಲ್ಲಿ ಒಂದು ಲಾರಿ ಗೊನೆ ಒಣಗುತ್ತಿತ್ತು.