ಬಿರಡೆ

“ಅಷ್ಟು ಜಗ್ಗಬೇಡಿ, ಕಿತ್ತು ಹೋಗುತ್ತೆ,” ಎಂದಳು ತಾಯಿ.

“ಕಿತ್ತು ಹೋಗೋದಾದ್ರೆ ಇಲ್ಲೇ ಹೋಗ್ಲಿ.” ಅವನು ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಇನ್ನೊಮ್ಮೆ ಜಗ್ಗಿದ. ಕಿತ್ತು ಬರಲಿಲ್ಲ. ಸಮಾಧಾನವೂ ಆಗಲಿಲ್ಲ. ಹೊಲಿಗೆಯನ್ನು ಬೆಳಕಿಗೆ ಹಿಡಿದು ಉಗುರಿನಿಂದ ಕೆದಕಿ ನೋಡಿದ.

ಕೆರೆ ದಂಡೆಯ ತಗಡಿನ ಶೆಡ್ಡು. ನಡುವೆ ಟ್ರೈಲರಿನ ಮೇಲೆ ನೀಲಿ ಬೋಟು, ಚಿಕ್ಕ ಸಂಸಾರಕ್ಕೆ ಹೇಳಿ ಮಾಡಿಸಿದಂಥದ್ದು. ಇಪ್ಪತ್ತು ವರ್ಷದಿಂದ ಊರವರ ಬೋಟುಗಳನ್ನೆಲ್ಲ ರಿಪೇರಿ ಮಾಡಿಕೊಂಡು ಬಂದವನು ಅವನು. ಮಗಳು ಹುಟ್ಟಿದ ದಿನವೇ ಇವಳಿಗೊಂದು ಬೋಟು ಎಂದಿದ್ದ. ಮಗಳಿಗೀಗ ಎಂಟು. ತಡವಾಯಿತು, ನಿಜ. ಆದರೆ ಆರಿಸುವಾಗ ಅವಸರಪಡಲಿಲ್ಲ. ಒಂದರ ತಳದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಬಿಟ್ಟ. ಇನ್ನೊಂದರ ಇಂಜಿನ್ ಕೆಮ್ಮುತ್ತಿತ್ತು, ಬಿಟ್ಟ. ಮೂರನೆಯದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಸುಮ್ಮನೆ ಭಯವಾಯಿತು, ಅದನ್ನೂ ಬಿಟ್ಟ.

ಹೊರಗೆ, ನೀರಿಗಿಳಿಯುವ ಇಳಿಜಾರಿನ ಬಳಿ, ಜೀಪು ನಿಂತಿತ್ತು. ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟು ಕುಳಿತಿದ್ದ ಬಿಳಿ ಬೂಟಿನವನು ಆಗಾಗ ಹಾರ್ನ್ ಒತ್ತುತ್ತಿದ್ದ. ಗಾಡಿ ಓಡಿಸುವವರಿಗೆ ಎಲ್ಲಿಯೂ ಅವಸರವೇ.

ಮೂರು ಜಾಕೆಟ್. ಚಿಕ್ಕದನ್ನು ಮಗಳಿಗೆ ತೊಡಿಸಲು ಹೋದ. ಕೊಕ್ಕೆ ಕೂಡಲೇ ಇಲ್ಲ.

“ತೂಕ ಎಷ್ಟೀಗ?”

“ಇಪ್ಪತ್ತಾರು ಕಿಲೋ,” ಎಂದಳು ತಾಯಿ. “ನೀವು ಇನ್ನೂ ಪಾಪು ಅಂದ್ಕೊಂಡಿದೀರಿ.”

ಮಕ್ಕಳು ಬೆಳೆದದ್ದು ಅಪ್ಪಂದಿರಿಗೆ ತಿಳಿಯುವುದೇ ಕೊನೆಗೆ, ಯಾವ ಮನೆಯಲ್ಲಿ ಬೇಕಾದರೂ ಕೇಳಿ. ಅವನು ಪೆಚ್ಚಾಗಿ ನಕ್ಕು ಇನ್ನೊಂದು ಅಳತೆಯದನ್ನು ತಂದ. ದೊಡ್ಡ ಜಾಕೆಟ್ಟನ್ನು ತಾನೇ ತೊಟ್ಟು ನೋಡಿ, ಅದರ ಪಟ್ಟಿಯನ್ನು ನಾಲ್ಕು ಬೆರಳು ಸಡಿಲಿಸಿದ. ತಿಂದುಂಡು ಬೋಟು ಹತ್ತುವ ಹೊಟ್ಟೆಗೆ ಅಷ್ಟು ಜಾಗ ಬೇಕೇ ಬೇಕು.

ಲಂಗರು, ಹಗ್ಗ, ನೀರೆತ್ತುವ ಕೈಪಂಪು, ಬೆಂಕಿ ಆರಿಸುವ ಸಿಲಿಂಡರು, ಸೀಟಿ. ಒಂದೊಂದನ್ನೂ ಮುಟ್ಟಿ ನೋಡಿ ಬೋಟಿನಲ್ಲಿಟ್ಟ. ಕೊನೆಗೆ ಜೇಬಿನಿಂದ ಎರಡು ಹಿತ್ತಾಳೆ ಬಿರಡೆ ತೆಗೆದ. ಅವನ್ನು ಕಂಡದ್ದೇ ತಾಯಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಬೋಟಿನ ಹಿಂಬದಿಯಲ್ಲಿ, ತಳಕ್ಕೆ ಹತ್ತಿರ, ಒಂದು ತೂತಿರುತ್ತದೆ. ದಡದಲ್ಲಿದ್ದಾಗ ಒಳಗಿನ ನೀರು ಬಸಿದುಹೋಗಲೆಂದು ಅದರ ಬಿರಡೆ ತೆಗೆದಿಡುತ್ತಾರೆ. ನೀರಿಗಿಳಿಸುವ ಮುಂಚೆ ಹಾಕಬೇಕು. ಮರೆತರೆ ಬೋಟು ತಕ್ಷಣ ಮುಳುಗುವುದಿಲ್ಲ. ದಡದಿಂದ ಸಾಕಷ್ಟು ದೂರ ಹೋಗುವವರೆಗೆ ಕಾಯುತ್ತದೆ.

ಏಳು ವರ್ಷದ ಹಿಂದೆ ಅವನು ಮರೆತಿದ್ದ. ಊರಿಗೆಲ್ಲ ಬಿರಡೆಯ ಬುದ್ಧಿ ಹೇಳುವವನು, ರಿಪೇರಿಗೆ ಬಂದ ಯಾರದೋ ಬೋಟಿನಲ್ಲಿ ತಾಯಿಯನ್ನೂ ಮಗುವನ್ನೂ ಕೂರಿಸಿಕೊಂಡು ಶೋಕಿಗೆ ಹೊರಟಿದ್ದ. ಮಗುವಿಗೆ ಜಾಕೆಟ್ಟೂ ಇರಲಿಲ್ಲ. ಮೀನು ಹಿಡಿಯುವವರು ನೀರಿನಿಂದ ಎತ್ತಿಕೊಟ್ಟಾಗ ಅದರ ತುಟಿ ನೀಲಿಯಾಗಿತ್ತು. ಮಗು ಉಳಿಯಿತು. ಅವನ ಮೇಲಿನ ನಂಬಿಕೆ ಉಳಿಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದಿನಿಂದ ಅವನಿಗೆ ಬೇಕಾದದ್ದು ಒಂದೇ: ತಾನು ಸಜ್ಜು ಮಾಡಿದ ಬೋಟಿನಲ್ಲಿ ತಾಯಿ ಒಂದೇ ಒಂದು ಸಲ ಮಗಳನ್ನು ಹೆದರದೆ ಕೂರಿಸಬೇಕು.

“ಇವಳಿಗೆ ನಾನು ಏನೂ ಹೇಳಿಲ್ಲ,” ಎಂದಳು ತಾಯಿ ಮೆಲ್ಲಗೆ.

“ಹೇಳೋದೂ ಬೇಡ. ಕೊಟ್ಟ ಮಾತು ನೆನಪಿದೆ.”

“ಬಿರಡೆ ವಿಷಯದಲ್ಲಿ ನಿಮ್ಮಷ್ಟು ಹೆದರಿದವರು ಇನ್ನೊಬ್ಬರಿಲ್ಲ. ಅದಕ್ಕೇ ಈ ಕೆಲಸ ನಿಮಗೇ ಬಿಟ್ಟಿದ್ದು.”

ಏಳು ವರ್ಷದಲ್ಲಿ ಅವನ ಕಿವಿಗೆ ಬಿದ್ದ ಒಳ್ಳೆಯ ಮಾತು ಅದೊಂದೇ. ಅಳು ಬಂತು. ಬೋಟಿನ ಹಿಂದೆ ಮಂಡಿಯೂರಿ, ಬಿರಡೆಯನ್ನು ತಿರುಗಿಸಿ ಬಿಗಿಮಾಡುತ್ತ ಅಳುವನ್ನು ನುಂಗಿಕೊಂಡ.

ಇನ್ನೊಂದು ಬಿರಡೆಗೆ ದಾರ ಪೋಣಿಸಿ ಮಗಳ ಕೈಗಿತ್ತ. “ಇದನ್ನ ನಿನ್ನ ಜಾಕೆಟ್ಟಿಗೆ ಕಟ್ಕೋ. ಬೋಟಿಂದು ಕಳೆದುಹೋದ್ರೆ ಬೇಕಾಗುತ್ತೆ.”

ಮಗಳು ನಾಲಿಗೆ ಕಚ್ಚಿಕೊಂಡು ಗಂಟು ಹಾಕಿದಳು, ಎಡಗೈಯಲ್ಲಿ. ಅವನೂ ಎಡಚನೇ. ತಾಯಿ ಮುಖ ಆಚೆ ತಿರುಗಿಸಿದಳು.

“ನೀರಿಗಿಳಿಯೋ ಮುಂಚೆ ಏನು ಕೇಳ್ಬೇಕು?”

“ಬಿರಡೆ ಹಾಕಿದೀರಾ ಅಂತ.”

“ಯಾರನ್ನ?”

“ಅಪ್ಪನ್ನ.”

ಅವನು ಅವಳು ಹಾಕಿದ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದ. “ಹೂಂ, ಅಪ್ಪನ್ನ. ಪ್ರತಿ ಸಲ ಕೇಳ್ಬೇಕು. ಗಟ್ಟಿಯಾಗಿ ಕೇಳ್ಬೇಕು. ಅಪ್ಪಂದಿರಿಗೆ ಮರೆವು ಜಾಸ್ತಿ.”

ಮಗಳು ಕಿಲಕಿಲ ನಕ್ಕಳು. ಆ ನಗುವೊಂದಕ್ಕೆ ಅವನು ಊರಿನ ಬೋಟುಗಳನ್ನೆಲ್ಲ ಪುಕ್ಕಟೆ ರಿಪೇರಿ ಮಾಡಿಕೊಡುತ್ತಿದ್ದ.

ಮತ್ತೆ ಹಾರ್ನ್. ಟ್ರೈಲರನ್ನು ಜೀಪಿಗೆ ಸಿಕ್ಕಿಸಿದ್ದಾಯಿತು. ಜೀಪು ಹಿಂದೆ ಹಿಂದೆ ಬಂದು, ಬೋಟಿನ ಬೆನ್ನು ನೀರಿಗೆ ತಾಗುವಂತೆ ನಿಂತಿತು. ತಾಯಿ ಮಗಳನ್ನು ಎತ್ತಿ ಬೋಟಿನಲ್ಲಿ ಕೂರಿಸಿದಳು. ಅವಳ ಕೈ ನಡುಗಲಿಲ್ಲ. ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಅವನು ಅದನ್ನೇ ನೋಡುತ್ತಿದ್ದ.

ಮಗಳು ಹೇಳಿಕೊಟ್ಟದ್ದನ್ನು ಮರೆತಿರಲಿಲ್ಲ. ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು: “ಅಪ್ಪಾ, ಬಿರಡೆ ಹಾಕಿದೀರಾ?”

“ಹಾಕಿದೀನಿ ಪುಟ್ಟಾ!” ಅವನ ದನಿ ಆಚೆ ದಡಕ್ಕೂ ಕೇಳುವಷ್ಟಿತ್ತು. “ಹಾಕಿದೀನಿ!”

ಮಗಳು ಶೆಡ್ಡಿನ ಕಡೆ ತಿರುಗಿ ನೋಡಿ, ಜೀಪಿನಿಂದ ಇಳಿದು ಬರುತ್ತಿದ್ದ ಬಿಳಿ ಬೂಟಿನವನತ್ತ ಬೆರಳು ತೋರಿಸಿ ನಕ್ಕಳು: “ನಿಮ್ಮನ್ನಲ್ಲ ಅಂಕಲ್, ನಮ್ಮಪ್ಪನ್ನ ಕೇಳಿದ್ದು.”